ನಾಲ್ಕು ವರ್ಷ ಬಳಸಿದ ಟ್ರಾಲಿ ಜಾಕ್, ಜೊತೆಗೆ ಒಂದು ಜೊತೆ ಸ್ಟ್ಯಾಂಡ್

ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆ. ಗಾಡಿ ಹಳೇ ಸ್ವಿಫ್ಟ್, ತೂಕ ಹೆಚ್ಚುಕಡಿಮೆ 1 ಟನ್. ಟೈರ್ ಅದಲುಬದಲು, ಬ್ರೇಕ್ ಪ್ಯಾಡ್, ಆಯಿಲ್ ಚೇಂಜ್ ಎಲ್ಲವನ್ನೂ ನಾಲ್ಕು ವರ್ಷದಿಂದ ಪೋರ್ಟಿಕೋದಲ್ಲೇ ಮಾಡಿಕೊಳ್ಳುತ್ತಿದ್ದೇನೆ. ಇರುವುದು 2 ಟನ್ನಿನ ಟ್ರಾಲಿ ಜಾಕ್ (ಗಾಲಿ ಮೇಲೆ ತಳ್ಳಿಕೊಂಡು ಹೋಗಿ, ಹಿಡಿ ಆಡಿಸಿ ಗಾಡಿ ಎತ್ತುವ ಸಾಧನ) ಒಂದು, 3 ಟನ್ನಿನ ಸ್ಟ್ಯಾಂಡ್ (ಎತ್ತಿದ ಗಾಡಿಯನ್ನು ಹೊತ್ತು ನಿಲ್ಲುವ ಕಬ್ಬಿಣದ ಕಾಲುಮಣೆ) ಒಂದು ಜೊತೆ. ಇವತ್ತು ಮತ್ತೆ ಕೊಳ್ಳಬೇಕಾದರೆ ಮೊದಲು ಸ್ಟ್ಯಾಂಡಿಗೆ ದುಡ್ಡು ಎತ್ತಿಡುತ್ತೇನೆ. ಉಳಿದದ್ದರಲ್ಲಿ ಜಾಕ್.

ಮೂರನೇ ವರ್ಷದ ಒಂದು ಭಾನುವಾರ. ಮುಂದಿನ ಎಡಗಡೆ ಎತ್ತಿ, ಸ್ಟ್ಯಾಂಡ್ ಕೊಟ್ಟು, ಚಕ್ರ ಬಿಚ್ಚಿ ಕಾಫಿ ಕುಡಿಯಲು ಒಳಗೆ ಹೋದೆ. ಬಂದು ನೋಡಿದರೆ ಜಾಕಿನ ತಲೆ ನಾಲ್ಕು ಬೆರಳು ಕೆಳಗಿಳಿದಿದೆ. ಪಿಸ್ಟನ್ ಬುಡದಲ್ಲಿ ಎಣ್ಣೆ ಜಿನುಗಿ, ಟೈಲ್ಸ್ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಕಲೆ. ಗಾಡಿ ಮಾತ್ರ ಕೂದಲೆಳೆಯಷ್ಟೂ ಅಲುಗಿರಲಿಲ್ಲ. ಎರಡು ದಿನ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಜಾಕ್ ಇರುವುದು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ. ಒಳಗಿನ ಎಣ್ಣೆಯ ಒತ್ತಡವೇ ಅದನ್ನು ಎತ್ತಿ ಹಿಡಿಯುವುದು, ಆ ಎಣ್ಣೆ ತಡೆಯುವ ಸೀಲ್ ಸವೆದರೆ ಯಾವ ಕಂಪನಿಯ ಜಾಕ್ ಆದರೂ ಇಳಿಯುತ್ತದೆ. ಸೀಲ್ ಹಾಕಿಸಿ, ಎಣ್ಣೆ ತುಂಬಿಸಿ, ಗಾಳಿ ತೆಗೆಸಿದ ಮೇಲೆ ಈಗ ಚೆನ್ನಾಗಿದೆ.

ಸ್ಟ್ಯಾಂಡ್ ಕೊಳ್ಳುವಾಗ ಡಬ್ಬದ ಮೇಲಿನ ಟನ್ ಲೆಕ್ಕ ಒಂದಕ್ಕೋ ಜೊತೆಗೋ ಅಂತ ಕೇಳಿ. ಎಷ್ಟೋ ಕಡೆ ಎರಡೂ ಸೇರಿಸಿದ ಲೆಕ್ಕ ಬರೆದಿರುತ್ತಾರೆ. ನಾಲ್ಕು ಕಾಲು ಅಗಲವಾಗಿ ಹರಡಿರಬೇಕು, ವೆಲ್ಡಿಂಗ್ ಕಣ್ಣಿಗೆ ಕಾಣುವಷ್ಟು ತುಂಬಿರಬೇಕು. ನನ್ನದು ಹಲ್ಲಿನ ರಾಟ್ಚೆಟ್ ಮಾದರಿ, ಅಂದರೆ ನಡುವಿನ ಕಂಬದ ಹಲ್ಲಿಗೆ ಕೊಂಡಿ ಸಿಕ್ಕಿ ಎತ್ತರ ನಿಲ್ಲುತ್ತದೆ. ಅದರ ಜೊತೆಗೆ ಹಲ್ಲು ಜಾರಿದರೂ ಕಂಬವನ್ನು ತಡೆಯುವ ಅಡ್ಡ ಪಿನ್ನೂ ಇದೆ. 2020ರಲ್ಲಿ ಅಮೆರಿಕದಲ್ಲಿ ಹಲ್ಲು ಜಾರುವ ತೊಂದರೆಯಿಂದ ಒಂದು ಕಂಪನಿಯ ಸ್ಟ್ಯಾಂಡ್‌ಗಳನ್ನು ವಾಪಸ್ ಕರೆಸಿಕೊಂಡಿದ್ದರು. ಅದು ಗೊತ್ತಿದ್ದರಿಂದಲೇ ಪಿನ್ ಇರುವುದನ್ನು ಹುಡುಕಿ ತಂದೆ.

ಈಗ ಜಾಕ್ ವಿಷಯ. ಟನ್ನಿಗಿಂತ ಎತ್ತರ ನೋಡಿ. ನನ್ನದು ಇಳಿದಾಗ 135 ಮಿಲಿಮೀಟರ್. ಪಕ್ಕದಿಂದ ಎತ್ತಲು ಇದು ಸಾಕು. ಆದರೆ ಪಕ್ಕದಲ್ಲಿ ಎತ್ತುವ ಜಾಗವೂ ಸ್ಟ್ಯಾಂಡ್ ಕೂರುವ ಜಾಗವೂ ಒಂದೇ, ಅಲ್ವಾ? ಅದಕ್ಕೇ ಮುಂದೆ ನಡುವಿನ ಕ್ರಾಸ್‌ಮೆಂಬರ್‌ನಿಂದ (ಗಾಡಿಯ ಅಡಿಯ ಗಟ್ಟಿ ಅಡ್ಡತೊಲೆ) ಎತ್ತಿ, ಪಕ್ಕದ ಗುರುತಿನ ಜಾಗಕ್ಕೆ ಸ್ಟ್ಯಾಂಡ್ ಕೊಡಬೇಕು. ಎಲ್ಲಿ ಎತ್ತಬೇಕೆಂದು ಗಾಡಿಯ ಪುಸ್ತಕದಲ್ಲಿ ಚಿತ್ರ ಇರುತ್ತದೆ. ಆ ಕ್ರಾಸ್‌ಮೆಂಬರ್‌ವರೆಗೆ ಹೋಗಲು ನನ್ನ ಜಾಕಿನ ಉದ್ದ ಸಾಲದು, ಬಂಪರ್ ಕೆಳಗೆ ಹಿಡಿ ಆಡಿಸಲು ಜಾಗವೇ ಸಾಲದು. ಮುಂದಿನ ಎರಡೂ ಚಕ್ರಗಳನ್ನು ದಪ್ಪ ಹಲಗೆ ಮೇಲೆ ಹತ್ತಿಸಿ ಮಾಡುತ್ತೇನೆ. ಉದ್ದದ, ತಗ್ಗಿನ ಜಾಕ್ ತೆಗೆದುಕೊಳ್ಳಲಿಲ್ಲವಲ್ಲ ಅನ್ನುವ ಕೊರಗು ಈಗಲೂ ಇದೆ.

ಮಂಡ್ಯದ ಭಾವನ ಬೊಲೆರೋಗೆ ಇದು ಆಗಲಿಲ್ಲ. ಪೂರ್ತಿ ಎತ್ತಿದರೂ ಚಕ್ರ ನೆಲ ಬಿಡಲೇ ಇಲ್ಲ. “ಮೇಲೊಂದು ಮರದ ತುಂಡು ಇಟ್ರೆ ಆಯ್ತಲ್ಲ” ಅಂದರು. “ಬೇಡ ಭಾವ, ಜಾರಿದರೆ ಕಷ್ಟ” ಅಂದು ಇಳಿಸಿಬಿಟ್ಟೆ. ಅಂಥ ಎತ್ತರದ ಗಾಡಿಗೆ 3 ಟನ್ನಿನ, ಇನ್ನೂ ಮೇಲೆ ಹೋಗುವ ಜಾಕೇ ಬೇಕು.

ಬಾಗಿಲ ಕೆಳಗಿನ ತಗಡಿನ ಅಂಚಿಗೆ ನಡುವೆ ಸೀಳಿರುವ ರಬ್ಬರ್ ಪ್ಯಾಡ್ ಹಾಕಿ. ಮೊದಲ ಸಲ ಬರೀ ಜಾಕ್ ಕೊಟ್ಟು ನಾನು ಆ ಅಂಚನ್ನು ಬಗ್ಗಿಸಿದ್ದೇನೆ, ಈಗ ಅಲ್ಲಿ ತುಕ್ಕು ಹಿಡಿದಿದೆ.

ಇನ್ನು ನೆಲ. ನಮ್ಮ ಕಡೆ ಪೋರ್ಟಿಕೋಗೆ ನೀರು ಹೋಗಲೆಂದು ಇಳಿಜಾರು ಕೊಟ್ಟಿರುತ್ತಾರೆ. ಹ್ಯಾಂಡ್‌ಬ್ರೇಕ್ ಹಾಕಿ, ಎತ್ತದ ಕಡೆಯ ಚಕ್ರಕ್ಕೆ ಹಿಂದೆ ಮುಂದೆ ಉರುಳದಂತೆ ಅಡ್ಡ ತಡೆ ಕೊಡದೆ ನಾನು ಹಿಡಿ ಮುಟ್ಟುವುದಿಲ್ಲ. ನಟ್ ಸಡಿಲ ಮಾಡುವುದೂ ಚಕ್ರ ನೆಲದ ಮೇಲಿದ್ದಾಗಲೇ. ಸ್ಟ್ಯಾಂಡ್ ಮೇಲೆ ಕೂತ ಮೇಲೆ ಗಾಡಿಯನ್ನು ಕೈಯಿಂದ ಮೆಲ್ಲಗೆ ಅಲ್ಲಾಡಿಸಿ ನೋಡುತ್ತೇನೆ. ಅಕಸ್ಮಾತ್ ಗಾಡಿ ಜಾರಿದರೆ ಅದರ ಮೇಲೆ ಕೂರಲಿ ಅಂತ ಬಿಚ್ಚಿದ ಚಕ್ರವನ್ನು ಗಾಡಿ ಕೆಳಗೇ ಮಲಗಿಸಿಡುತ್ತೇನೆ. ಮಗಳು ಸ್ಪ್ಯಾನರ್ ಕೊಡಲು ಬಂದರೆ ಹಳದಿ ಗೆರೆ ಹಾಕಿದ್ದೇನೆ, ಅದರ ಆಚೆಯೇ ನಿಲ್ಲುತ್ತಾಳೆ.