ಟೆಕ್ಟ್ರೋ ಆರ್‌ಎಲ್520: ಹಳೆ ಎಂಟಿಬಿಗೆ ಡ್ರಾಪ್ ಬಾರ್ ಹಾಕುವವರ ಬ್ರೇಕ್ ಲಿವರು

26 ಇಂಚಿನ ಚಕ್ರದ ಹಳೆ ಸ್ಟೀಲ್ ಎಂಟಿಬಿಗೆ (ಮೌಂಟನ್ ಬೈಕಿಗೆ) ಡ್ರಾಪ್ ಬಾರ್, ಅಂದರೆ ರೇಸ್ ಸೈಕಲ್ಲಿನಂತೆ ಕೆಳಕ್ಕೆ ಬಾಗಿದ ಹ್ಯಾಂಡಲ್, ಹಾಕಿ ಜಲ್ಲಿ ರಸ್ತೆಗೆ ಸಜ್ಜು ಮಾಡುವವರು ಟೈರು, ಗೇರಿನ ಲೆಕ್ಕ ಸರಿಯಾಗಿಯೇ ಹಾಕುತ್ತಾರೆ. ಎಡವುವುದು ಬ್ರೇಕಿನಲ್ಲಿ. ಮಾಮೂಲಿ ರೋಡ್ ಲಿವರು ಎಳೆಯುವ ಕೇಬಲ್ಲು, ವಿ-ಬ್ರೇಕಿಗೆ (ಎರಡು ಉದ್ದ ತೋಳುಗಳಿಂದ ರಿಮ್ಮನ್ನು ಒತ್ತುವ ಬ್ರೇಕಿಗೆ) ಬೇಕಾದುದರ ಹೆಚ್ಚುಕಮ್ಮಿ ಅರ್ಧ. ಪ್ಯಾಡನ್ನು ರಿಮ್ಮಿಗೆ ತೀರಾ ಹತ್ತಿರ ಇಟ್ಟರೆ ಚಕ್ರ ಕೂದಲೆಳೆಯಷ್ಟು ಬಳುಕಿದರೂ ಉಜ್ಜುತ್ತದೆ. ಸ್ವಲ್ಪ ದೂರ ಬಿಟ್ಟರೆ ಲಿವರು ಬಾರಿಗೇ ಬಂದು ಬಡಿಯುತ್ತದೆ. ಆರ್‌ಎಲ್520 ಹೆಚ್ಚು ಕೇಬಲ್ ಎಳೆಯುವ ಲಿವರು, ಹಾಗಾಗಿ ಈ ತಾಪತ್ರಯವಿಲ್ಲ.

ಆದರೆ ಕೊಳ್ಳುವ ಮೊದಲು ನಿಮ್ಮ ಬ್ರೇಕು ಯಾವುದೆಂದು ನೋಡಿ. ಶಿಮಾನೊ ವಿ-ಬ್ರೇಕ್ ಬಂದದ್ದು 1996ರ ಹೊತ್ತಿಗೆ. ಅದಕ್ಕೂ ಹಿಂದಿನ ಫ್ರೇಮುಗಳಲ್ಲಿ ಸಾಮಾನ್ಯವಾಗಿ ಕ್ಯಾಂಟಿಲಿವರ್, ಅಂದರೆ ಎರಡು ತೋಳುಗಳನ್ನು ನಡುವಿನ ಕೇಬಲ್ಲು ಮೇಲಕ್ಕೆಳೆಯುವ ಹಳೆ ಬಗೆಯ ಬ್ರೇಕು, ಇರುತ್ತದೆ. ಅದಕ್ಕೆ ಆರ್‌ಎಲ್520 ಜೋಡಿಸಿದರೆ ಲಿವರು ಮರದ ತುಂಡಿನಂತೆ ಗಟ್ಟಿಯಾಗಿ ನಿಲ್ಲುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಕ್ಯಾಂಟಿ ಉಳಿಸಿಕೊಳ್ಳುವವರಿಗೆ ಇದೇ ಕಂಪನಿಯ ಆರ್‌ಎಲ್340 ಸರಿ. ಕ್ಯಾಂಟಿ ಕೂತಿರುವ ಫ್ರೇಮಿನ ಅದೇ ಗೂಟಗಳಿಗೆ ವಿ-ಬ್ರೇಕ್ ಕೂರಿಸುವುದೂ ಸುಲಭವೇ.

ಕೂರಿಸುವಾಗ ಎರಡು ಸಂಗತಿ. ಲಿವರಿನ ಪಟ್ಟಿ 23.8 ಮಿಮೀ ಡ್ರಾಪ್ ಬಾರಿಗೆ ಮಾಡಿದ್ದು, ಹಳೆ 22.2ರ ನೇರ ಹ್ಯಾಂಡಲಿಗಲ್ಲ. ಒಳಗಿನ ಕೇಬಲ್ಲು ರೋಡ್ ಬೈಕಿನದೇ ಆಗಬೇಕು, ಪೇರಳೆಯಾಕಾರದ ತಲೆಯದ್ದು. ಎಂಟಿಬಿಯ ಉರುಳೆ ತಲೆ ಅಲ್ಲಿ ಕೂರುವುದಿಲ್ಲ. ಹ್ಯಾಂಡಲಿಗೆ ಟೇಪು ಸುತ್ತುವ ಮುನ್ನ ಒಂದಿಷ್ಟು ದೂರ ಓಡಿಸಿ ಲಿವರಿನ ಎತ್ತರ ಗಟ್ಟಿ ಮಾಡಿಕೊಳ್ಳಿ, ಇಲ್ಲವಾದರೆ ಟೇಪು ದಂಡ.

ಬ್ರೇಕು ಭಾರ ಎನಿಸಿದರೆ ಲಿವರನ್ನು ಬೈಯಬೇಡಿ, ಮೊದಲು ವಿ-ಬ್ರೇಕಿಗೆ ಕೇಬಲ್ ಒಯ್ಯುವ ನೂಡಲ್ ಬಿಚ್ಚಿ ನೋಡಿ. ಆ ಬಾಗಿದ ಪುಟ್ಟ ಕೊಳವೆಯೊಳಗಿನ ಪ್ಲಾಸ್ಟಿಕ್ ಸವೆದು ಕೆಸರು ಕೂತಿದ್ದರೆ ಎಷ್ಟು ಒಳ್ಳೆಯ ಲಿವರೂ ಜಗ್ಗಾಡುತ್ತದೆ. ಹೊಸದು ಹಾಕಿ, ಪ್ಯಾಡಿನ ಮುಂದಿನ ಅಂಚು ಮೊದಲು ತಾಗುವಂತೆ ಒಂದು ಮಿಲಿಮೀಟರಿನಷ್ಟು ಓರೆ ಕೊಟ್ಟರೆ ಕೀರಲೂ ಸಾಮಾನ್ಯವಾಗಿ ನಿಲ್ಲುತ್ತದೆ.

ಕೊರತೆ ಎಂದರೆ ಇದರಲ್ಲಿ ಗೇರ್ ಶಿಫ್ಟರ್ ಇಲ್ಲ, ಬೇರೆಯೇ ಹಾಕಬೇಕು. 9 ಸ್ಪೀಡಿನ ಶಿಮಾನೊ ಬಾರ್-ಎಂಡ್ ಶಿಫ್ಟರಿಗೆ (ಹ್ಯಾಂಡಲಿನ ತುದಿಗೆ ಕೂರುವುದಕ್ಕೆ) 9 ಸ್ಪೀಡಿನ ಎಂಟಿಬಿ ಡಿರೇಲರ್, ಅಂದರೆ ಚೈನು ಸರಿಸುವ ಭಾಗ, ಹೊಂದುತ್ತದೆ, 10ರದ್ದಲ್ಲ. ಇನ್ನು ಹುಡ್ (ಲಿವರಿನ ರಬ್ಬರ್ ಹಿಡಿ) ಮೇಲೆ ಕೈ ಇಟ್ಟರೆ ಮೈ ಮುಂದಕ್ಕೆ ಚಾಚುತ್ತದೆ. ಆ ಕಾಲದ ಫ್ರೇಮುಗಳ ಟಾಪ್ ಟ್ಯೂಬ್ (ಮೇಲಿನ ಕೊಳವೆ) ಮೊದಲೇ ಉದ್ದ. ಹ್ಯಾಂಡಲನ್ನು ಹಿಡಿದಿರುವ 120 ಮಿಮೀ ಸ್ಟೆಮ್ ತೆಗೆದು 60–70ರದ್ದು ಹಾಕುವ ಖರ್ಚನ್ನೂ ಲಿವರಿನ ಬೆಲೆಗೆ ಸೇರಿಸಿಕೊಳ್ಳಿ.