ಹಳಿಯ ದೋಷವೋ, ಗಾಳಿಯ ದೋಷವೋ: ಡಿಸಿಸಿ-ಇಎಕ್ಸ್ ನಿಸ್ತಂತು ನಿಯಂತ್ರಣವನ್ನು ಒಂದೂವರೆ ವರ್ಷ ಬಳಸಿದ ಮೇಲೆ

ನನ್ನ ಮಾದರಿ ರೈಲುಮಾರ್ಗದ ಸುರಂಗದಿಂದ ಹೊರಬಂದ ಆಟಿಕೆ ಡೀಸೆಲ್ ಎಂಜಿನ್ನನ್ನು ನಿಲ್ದಾಣದಲ್ಲಿ ನಿಲ್ಲಿಸಬೇಕೆಂದು ಮೊಬೈಲ್ ಪರದೆಯ ಮೇಲಿನ ವೇಗದ ಪಟ್ಟಿಯನ್ನು ಸೊನ್ನೆಗೆ ಎಳೆದಿದ್ದೆ. ಎಂಜಿನ್ ಮಾತ್ರ ಅದೇ ವೇಗದಲ್ಲಿ ಪ್ಲಾಟ್‌ಫಾರ್ಮ್ ದಾಟಿ, ಪಾಯಿಂಟ್ ದಾಟಿ, ಸೈಡಿಂಗ್‌ನಲ್ಲಿ ನಿಂತಿದ್ದ ಎರಡು ಗೂಡ್ಸ್ ವ್ಯಾಗನ್‌ಗಳಿಗೆ ಹೋಗಿ ಗುದ್ದಿತು. ಮುಂದಿನ ಕಪ್ಲಿಂಗ್ ಮುರಿದು ಹಳಿಯ ಪಕ್ಕದ ಜಲ್ಲಿಯ ಮೇಲೆ ಬಿತ್ತು. ಈ ವ್ಯವಸ್ಥೆಯನ್ನು ಕೊಳ್ಳಬೇಕೆನ್ನುವವರು ಮೊದಲು ತಿಳಿಯಬೇಕಾದ ವಿಷಯ ಆ ಘಟನೆಯಲ್ಲೇ ಇರುವುದರಿಂದ ಈ ವಿಮರ್ಶೆಯನ್ನು ಅಲ್ಲಿಂದ ಆರಂಭಿಸಿದ್ದೇನೆ.

ಡಿಸಿಸಿ-ಇಎಕ್ಸ್ ಮಾದರಿ ರೈಲುಗಳನ್ನು ನಿಯಂತ್ರಿಸುವ ಒಂದು ಮುಕ್ತ ತಂತ್ರಾಂಶ. ಅದನ್ನು ಆರ್ಡುಯಿನೋ ಮೆಗಾ 2560 ಎಂಬ ಸಣ್ಣ ಮೈಕ್ರೊಕಂಟ್ರೋಲರ್ ಬೋರ್ಡಿಗೆ ತುಂಬಿ, ಮೇಲೆ ಹಳಿಗೆ ವಿದ್ಯುತ್ ಕೊಡುವ ಮೋಟರ್ ಶೀಲ್ಡ್ ಕೂರಿಸಿ, ಪಕ್ಕದಲ್ಲಿ ಇಎಸ್‌ಪಿ8266 ವೈಫೈ ಮಾಡ್ಯೂಲ್ ಜೋಡಿಸಿದರೆ ಹಳಿಗೆ ಆದೇಶ ಕಳಿಸುವ ಪೂರ್ಣ ಪ್ರಮಾಣದ ಕಮಾಂಡ್ ಸ್ಟೇಷನ್ ಸಿದ್ಧವಾಗುತ್ತದೆ. ಕೈಯಲ್ಲಿ ಹಿಡಿದು ವೇಗ ನಿಯಂತ್ರಿಸುವ ಥ್ರಾಟಲ್‌ನ ಕೆಲಸವನ್ನು ಆಂಡ್ರಾಯ್ಡ್ ಮೊಬೈಲಿನಲ್ಲಿರುವ ಎಂಜಿನ್ ಡ್ರೈವರ್ ಎಂಬ ಉಚಿತ ಆ್ಯಪ್ ಮಾಡುತ್ತದೆ. ಮೈಸೂರಿನ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ 1:87 ಪ್ರಮಾಣದ ಲೇಔಟ್, ಅಂದರೆ ಮಾದರಿ ರೈಲುಮಾರ್ಗ ಇದೆ. ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವಿನ ಘಾಟಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ್ದರಿಂದ ಅದರಲ್ಲಿ ಗುಡ್ಡವೂ ಸುರಂಗವೂ ಏರುದಾರಿಯೂ ಹೇರಳವಾಗಿವೆ. ಈ ಗುಡ್ಡವೇ ಮುಂದೆ ನನ್ನ ಸಮಸ್ಯೆಗೆ ಒಂದು ಕಾರಣವಾಯಿತು.

ಡಿಸಿಸಿ (ಡಿಜಿಟಲ್ ಕಮಾಂಡ್ ಕಂಟ್ರೋಲ್) ಪದ್ಧತಿಯಲ್ಲಿ ಮೊಬೈಲ್ ಮಾತಾಡುವುದು ಕಮಾಂಡ್ ಸ್ಟೇಷನ್ ಜತೆಗೇ ಹೊರತು ಎಂಜಿನ್ ಜತೆಗಲ್ಲ. ಹಳಿಯಲ್ಲಿ ಸದಾ ವಿದ್ಯುತ್ ಇರುತ್ತದೆ. ಆ ವಿದ್ಯುತ್ತಿನ ದಿಕ್ಕು ಬದಲಾಗುವ ಲಯದಲ್ಲೇ ಆದೇಶ ಅಡಗಿರುತ್ತದೆ. ಅರ್ಧ ಆವರ್ತ 58 ಮೈಕ್ರೊಸೆಕೆಂಡ್ ಇದ್ದರೆ ಒಂದು, 100 ಮೈಕ್ರೊಸೆಕೆಂಡ್ ಅಥವಾ ಅದಕ್ಕಿಂತ ಉದ್ದವಿದ್ದರೆ ಸೊನ್ನೆ ಎಂದು ಎಂಜಿನ್ನಿನೊಳಗಿನ ಡಿಕೋಡರ್ ಓದಿಕೊಳ್ಳುತ್ತದೆ. ಕಮಾಂಡ್ ಸ್ಟೇಷನ್ ತಾನು ಕೊನೆಗೆ ಕೇಳಿಸಿಕೊಂಡ ಆದೇಶವನ್ನೇ ಹಳಿಗೆ ಮತ್ತೆ ಮತ್ತೆ ಕಳಿಸುತ್ತಿರುತ್ತದೆ. ಆದ್ದರಿಂದ ವೈಫೈ ಕಡಿದುಹೋದಾಗ ಎಂಜಿನ್ ನಿಲ್ಲುವುದಿಲ್ಲ, ಹಳೆಯ ವೇಗದಲ್ಲೇ ಓಡುತ್ತದೆ. ಮೊಬೈಲಿನಿಂದ ಸ್ವಲ್ಪ ಹೊತ್ತು ಸುದ್ದಿಯೇ ಬಾರದಿದ್ದರೆ ಸ್ಟೇಷನ್ ತಾನಾಗಿ ಎಂಜಿನ್ನನ್ನು ನಿಲ್ಲಿಸುವ ಹಾರ್ಟ್‌ಬೀಟ್ ಎಂಬ ಏರ್ಪಾಡು ಇದೆ, ನಿಜ. ಆದರೆ ಗಂಟೆಗೆ 60 ಕಿಲೋಮೀಟರ್ ವೇಗವೆಂದರೆ 1:87 ಪ್ರಮಾಣದಲ್ಲಿ ಸೆಕೆಂಡಿಗೆ ಸುಮಾರು 19 ಸೆಂಟಿಮೀಟರ್. ಹತ್ತು ಸೆಕೆಂಡು ಕಾದರೂ ಎಂಜಿನ್ ಸುಮಾರು ಎರಡು ಮೀಟರ್ ಮುಂದೆ ಹೋಗಿರುತ್ತದೆ. ನನ್ನ ವ್ಯಾಗನ್‌ಗಳು ಇದ್ದದ್ದು ಒಂದೂಕಾಲು ಮೀಟರ್ ದೂರದಲ್ಲಿ.

ಸಿಗ್ನಲ್ ಸಿಗುತ್ತಿಲ್ಲ ಎಂದು ದೂರುವವರ ಪೈಕಿ ಹಲವರ ತೊಂದರೆ ನಿಜವಾಗಿ ಕೊಳೆಯಾದ ಹಳಿಯದು. ಎಂಜಿನ್ ನಿಂತಿತೆ, ಅದರ ದೀಪವೂ ಆರಿತೆ, ಧ್ವನಿ ಮೊದಲಿನಿಂದ ಶುರುವಾಯಿತೆ ಎಂದು ನೋಡಬೇಕು. ಹೌದಾದರೆ ಚಕ್ರಕ್ಕೂ ಹಳಿಗೂ ಸಂಪರ್ಕ ತಪ್ಪಿದೆ, ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಬಟ್ಟೆಯಿಂದ ಹಳಿ ಒರೆಸುವುದೇ ಮದ್ದು. ಎಂಜಿನ್ ಓಡುತ್ತಲೇ ಇದ್ದು ಮಾತು ಕೇಳದಿದ್ದರೆ ಮಾತ್ರ ಗಾಳಿಯ ಕಡೆ, ಅಂದರೆ ನಿಸ್ತಂತು ಸಂಪರ್ಕದ ಕಡೆ ಅನುಮಾನ ಪಡಬೇಕು. ಈ ಸರಳ ನಿಯಮಕ್ಕೂ ಒಂದು ಅಪವಾದ ಉಂಟು. ಡಿಕೋಡರ್‌ಗೆ ಸ್ವಲ್ಪ ಹೊತ್ತಿಗೆ ವಿದ್ಯುತ್ ಕೂಡಿಟ್ಟುಕೊಳ್ಳುವ ಕೀಪ್ ಅಲೈವ್ ಕೆಪಾಸಿಟರ್ ಹಾಕಿದ್ದರೆ ಎಂಜಿನ್ ಕೊಳೆ ಹಳಿಯ ಮೇಲೂ ದೀಪ ಉರಿಸಿಕೊಂಡು ಓಡುತ್ತದೆ, ಆದೇಶ ಮಾತ್ರ ಅದಕ್ಕೆ ತಲುಪುವುದಿಲ್ಲ; ನೋಡಲು ವೈಫೈ ಕೈಕೊಟ್ಟಂತೆಯೇ ಇರುತ್ತದೆ. ನನ್ನ ಎಂಜಿನ್ನಿನಲ್ಲಿ ಅಂಥ ಕೆಪಾಸಿಟರ್ ಇದ್ದುದರಿಂದ ಎರಡು ವಾರ ದಾರಿ ತಪ್ಪಿದೆ.

ಈ ಗೊಂದಲವನ್ನು ಬಗೆಹರಿಸಲು ಡಿಸಿಸಿ-ಇಎಕ್ಸ್ ಕೊಡುವ ದಾರಿಯೇ ನನಗೆ ಅದರ ಅತಿ ದೊಡ್ಡ ಗುಣವಾಗಿ ಕಂಡಿದೆ. ಬೋರ್ಡನ್ನು ಯುಎಸ್‌ಬಿ ಕೇಬಲ್ ಮೂಲಕ ಕಂಪ್ಯೂಟರ್‌ಗೆ ಜೋಡಿಸಿ, ಸೀರಿಯಲ್ ಮಾನಿಟರ್‌ನಲ್ಲಿ ಟಿ ಅಕ್ಷರ, ಎಂಜಿನ್ ಸಂಖ್ಯೆ, ವೇಗ, ದಿಕ್ಕು ಇಷ್ಟನ್ನು ಕೋನಾವರಣದೊಳಗೆ (< >) ಬರೆದು ಕಳಿಸಿದರೆ ವೈಫೈಯ ಹಂಗಿಲ್ಲದೆ ಆದೇಶ ನೇರವಾಗಿ ಹಳಿಗೆ ಹೋಗುತ್ತದೆ. ಆಗ ಎಂಜಿನ್ ಮಾತು ಕೇಳಿದರೆ ಹಳಿ ಸರಿಯಿದೆ ಎಂದರ್ಥ. ಇದಲ್ಲದೆ ವೈಫೈಯ ಒಳಗಿನ ಸಂವಾದವನ್ನೆಲ್ಲ ಪರದೆಗೆ ತರುವ ಡಯಾಗ್ನೋಸ್ಟಿಕ್ ಆದೇಶವೂ ಇದೆ. ಮುಚ್ಚಿದ ಪೆಟ್ಟಿಗೆಯಂಥ ದುಬಾರಿ ಹ್ಯಾಂಡ್‌ಸೆಟ್‌ಗಳಲ್ಲಿ ಕೆಂಪು ದೀಪವೊಂದು ಮಿನುಗುವುದನ್ನು ಬಿಟ್ಟರೆ ಬೇರಾವ ಮಾಹಿತಿಯೂ ನನಗೆ ಸಿಕ್ಕಿದ್ದಿಲ್ಲ.

ಹೀಗೆ ಪರೀಕ್ಷಿಸಿದಾಗ ನನ್ನಲ್ಲಿ ಗಾಳಿಯ ದೋಷವೂ ಇರುವುದು ಖಚಿತವಾಯಿತು. ಗುಡ್ಡವನ್ನು ನಾನು ಕೋಳಿಗೂಡಿನ ತಂತಿಜಾಲರಿಯ ಮೇಲೆ ಪ್ಲಾಸ್ಟರ್ ಮೆತ್ತಿ ಮಾಡಿದ್ದೆ, ಮತ್ತು ಕಣ್ಣಿಗೆ ಕಾಣದಿರಲೆಂದು ಕಮಾಂಡ್ ಸ್ಟೇಷನ್ನನ್ನು ಆ ಗುಡ್ಡದ ಹೊಟ್ಟೆಯೊಳಗೇ ಇಟ್ಟಿದ್ದೆ. 2.4 ಗಿಗಾಹರ್ಟ್ಸ್ ತರಂಗದ ಉದ್ದ ಸುಮಾರು 125 ಮಿಲಿಮೀಟರ್. ನನ್ನ ಜಾಲರಿಯ ಕಣ್ಣಿನ ಅಗಲ ಅರ್ಧ ಇಂಚು, ಅಂದರೆ ಅದರ ಹತ್ತನೇ ಒಂದು ಭಾಗ. ಅಷ್ಟು ಸಣ್ಣ ಕಣ್ಣಿನ ಜಾಲರಿ ರೇಡಿಯೊ ತರಂಗಕ್ಕೆ ಬಹುಮಟ್ಟಿಗೆ ಗೋಡೆಯೇ ಸರಿ. ಮೇಜಿನ ಮುಂದೆ ನಿಂತಾಗ ಸುರಂಗದ ಬಾಯಿಂದ ಸೋರುತ್ತಿದ್ದ ಸಿಗ್ನಲ್ಲೇ ನನಗೆ ಸಿಗುತ್ತಿದ್ದದ್ದು, ನಿಲ್ದಾಣದ ಕಡೆ ಸರಿದರೆ ಅದೂ ಇಲ್ಲ. ಬೋರ್ಡನ್ನು ಹೊರತೆಗೆದು ಮೇಜಿನ ಅಂಚಿಗೆ, ಪ್ಲಾಸ್ಟಿಕ್ ಡಬ್ಬಿಯಲ್ಲಿ, ಹಳಿಯ ಮಟ್ಟಕ್ಕಿಂತ ಒಂದು ಗೇಣು ಮೇಲೆ ತೂಗುಹಾಕಿದ ದಿನದಿಂದ ಕೋಣೆಯ ಯಾವ ಮೂಲೆಯಲ್ಲಿ ನಿಂತರೂ ಸಂಪರ್ಕ ಸಿಗುತ್ತಿದೆ.

ಆದರೂ ಆಗಾಗ ಒಂದು ವಿಚಿತ್ರ ನಡೆಯುತ್ತಿತ್ತು. ಮೊಬೈಲಿನ ವೈಫೈ ಪಟ್ಟಿಯಿಂದ ಸ್ಟೇಷನ್ನಿನ ಹೆಸರೇ ಮಾಯವಾಗಿ, ಕೆಲವು ಸೆಕೆಂಡು ಬಿಟ್ಟು ಮತ್ತೆ ಮೂಡುತ್ತಿತ್ತು. ಸಿಗ್ನಲ್ ದುರ್ಬಲವಾದರೆ ಗೆರೆಗಳು ಒಂದೊಂದಾಗಿ ಇಳಿಯುತ್ತವೆ. ಹೆಸರೇ ಒಮ್ಮೆಗೆ ಹೋಗುವುದೆಂದರೆ ಮಾಡ್ಯೂಲ್ ಸತ್ತು ಹುಟ್ಟುತ್ತಿದೆ ಎಂದು ತಿಳಿಯಬೇಕು. ನಾನು ಅದಕ್ಕೆ ಆರ್ಡುಯಿನೋದ 3.3 ವೋಲ್ಟ್ ಪಿನ್ನಿನಿಂದಲೇ ವಿದ್ಯುತ್ ಕೊಟ್ಟಿದ್ದೆ. ಆ ಪಿನ್ನು ಕೊಡಬಲ್ಲದ್ದು 50 ಮಿಲಿಆಂಪಿಯರ್, ಇಎಸ್‌ಪಿ8266 ಪ್ರಸಾರ ಮಾಡುವ ಗಳಿಗೆಯಲ್ಲಿ ಕೇಳುವುದು ಅದರ ಹಲವು ಪಟ್ಟು. ಪ್ರತ್ಯೇಕ 3.3 ವೋಲ್ಟ್ ರೆಗ್ಯುಲೇಟರ್ ಹಾಕಿ, ಮಾಡ್ಯೂಲಿನ ಪಕ್ಕದಲ್ಲೇ 470 ಮೈಕ್ರೊಫ್ಯಾರಡ್ ಕೆಪಾಸಿಟರ್ ಬೆಸುಗೆ ಹಾಕಿದ ಮೇಲೆ ಹೆಸರು ಒಮ್ಮೆಯೂ ಮಾಯವಾಗಿಲ್ಲ.

ವೈಫೈ ಚಾನೆಲ್ ವಿಷಯ ಚಿಕ್ಕದು. ಡಿಸಿಸಿ-ಇಎಕ್ಸ್ ತನ್ನದೇ ನೆಟ್‌ವರ್ಕ್ ನಡೆಸುವಾಗ ಮೂಲ ಹೊಂದಾಣಿಕೆಯಲ್ಲಿ ಒಂದನೇ ಚಾನೆಲ್ ಹಿಡಿಯುತ್ತದೆ. ಅಕ್ಕಪಕ್ಕದ ಮನೆಗಳ ರೌಟರ್‌ಗಳು ಅಲ್ಲೇ ಕಿಕ್ಕಿರಿದಿದ್ದರೆ ಕಾನ್ಫಿಗ್ ಕಡತದಲ್ಲಿ ಅದನ್ನು 6 ಅಥವಾ 11ಕ್ಕೆ ಬದಲಿಸಬೇಕು. ನಡುವಿನ 3 ಅಥವಾ 4ನ್ನು ಆರಿಸಿಕೊಂಡರೆ ಎರಡೂ ಕಡೆಯ ಗದ್ದಲ ಕೇಳಿಸುತ್ತದೆ.

ಮೊಬೈಲಿನ ಸ್ವಭಾವವನ್ನೂ ಅರಿತಿರಬೇಕು. ಸ್ಟೇಷನ್ನಿನ ನೆಟ್‌ವರ್ಕಿನಲ್ಲಿ ಇಂಟರ್ನೆಟ್ ಇಲ್ಲದಿರುವುದನ್ನು ಕಂಡುಕೊಂಡು ಎಷ್ಟೋ ಮೊಬೈಲುಗಳು ಸದ್ದಿಲ್ಲದೆ ಮೊಬೈಲ್ ಡೇಟಾಗೆ ಜಿಗಿಯುತ್ತವೆ. ಮೊಬೈಲ್ ಡೇಟಾ ಬಂದ್ ಮಾಡಿ, ಆ್ಯಪ್‌ಗೆ ಬ್ಯಾಟರಿ ಉಳಿತಾಯದಿಂದ ವಿನಾಯಿತಿ ಕೊಟ್ಟರೆ ಸಾಕಾಗುತ್ತದೆ. ನಾನು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಸ್ಟೇಷನ್ನನ್ನೇ ಮನೆಯ ರೌಟರ್‌ಗೆ ಸೇರಿಸಿ, ಅದರ ಐಪಿ ವಿಳಾಸ ಬದಲಾಗದಂತೆ ರೌಟರ್‌ನಲ್ಲಿ ಕಾಯ್ದಿರಿಸಿ, ಆ್ಯಪ್‌ನಲ್ಲಿ ಆ ವಿಳಾಸವನ್ನೂ 2560 ಎಂಬ ಪೋರ್ಟ್ ಸಂಖ್ಯೆಯನ್ನೂ ಬರೆದಿಟ್ಟಿದ್ದೇನೆ. ಇಎಸ್‌ಪಿ8266ಗೆ 5 ಗಿಗಾಹರ್ಟ್ಸ್ ಗೊತ್ತಿಲ್ಲವಾದ್ದರಿಂದ ರೌಟರ್‌ನ 2.4 ಗಿಗಾಹರ್ಟ್ಸ್ ಪಟ್ಟಿ ಚಾಲೂ ಇರಬೇಕು.

ಇಷ್ಟೆಲ್ಲ ಪಾಡು ಏಕೆ, ವಿದೇಶಿ ನಿಸ್ತಂತು ಥ್ರಾಟಲ್ ತರಿಸಿಕೊಂಡರಾಗದೆ ಎಂದು ಗೆಳೆಯರು ಕೇಳುತ್ತಾರೆ. ಅಮೆರಿಕದ ಮಾರುಕಟ್ಟೆಗೆಂದು ತಯಾರಾದ ಹಲವು ಥ್ರಾಟಲ್‌ಗಳು ಅಲ್ಲಿ ಪರವಾನಗಿ ಬೇಡದ 902ರಿಂದ 928 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಕೆಲಸ ಮಾಡುತ್ತವೆ. ಭಾರತದಲ್ಲಿ 890ರಿಂದ 915 ಮೆಗಾಹರ್ಟ್ಸ್ ಮೊಬೈಲ್ ಫೋನುಗಳು ಟವರ್‌ಗೆ ಮಾತಾಡುವ ಜಾಗ. ಅಲ್ಲಿ ನಮ್ಮ ಆಟದ ರೈಲಿನ ಆದೇಶ ಕಳಿಸುವುದು ಕಾನೂನಿಗೆ ವಿರುದ್ಧ. ಜೇಬಿನಲ್ಲಿ ಫೋನ್ ಇದ್ದರೆ ಥ್ರಾಟಲ್ ತಡವರಿಸುವ ಸಂಭವವೂ ಇದೆ. ತರಿಸುವವರು ಪೆಟ್ಟಿಗೆಯ ಮೇಲಿನ ಆವರ್ತನವನ್ನು ಓದಿಯೇ ಹಣ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ.

ಕೊರತೆಗಳೂ ಇವೆ. ಗಾಜಿನ ಪರದೆಯ ಮೇಲೆ ಬೆರಳಿಗೆ ಹಿಡಿತ ಸಿಗುವುದಿಲ್ಲ. ಎಂಜಿನ್ನಿನ ಮೇಲೆ ಕಣ್ಣಿಟ್ಟು, ಕೈಯ ಸ್ಪರ್ಶದಿಂದಲೇ ವೇಗ ಇಳಿಸುವ ಸುಖ ನಿಜವಾದ ತಿರುಗುಗುಂಡಿಯಲ್ಲಿ ಮಾತ್ರ ಇದೆ. ಸಾಮಾನ್ಯ ಆರ್ಡುಯಿನೋ ಮೋಟರ್ ಶೀಲ್ಡ್ ಒಂದು ಚಾನೆಲ್‌ಗೆ 2 ಆಂಪಿಯರ್ ಮಾತ್ರ ಕೊಡುವುದರಿಂದ ದೊಡ್ಡ ಲೇಔಟಿಗೆ ಹೆಚ್ಚು ಸಾಮರ್ಥ್ಯದ ಶೀಲ್ಡ್ ಬೇಕು. ಬೆಸುಗೆ ಹಾಕಲು, ಕಾನ್ಫಿಗ್ ಕಡತ ತಿದ್ದಲು ಮನಸ್ಸಿಲ್ಲದವರಿಗೆ ನಾನು ಇದನ್ನು ಶಿಫಾರಸು ಮಾಡುವುದಿಲ್ಲ. ಅದಕ್ಕೆ ಸಿದ್ಧರಿರುವ, ಮನೆಯಲ್ಲಿ ಎರಡು ಮೂರು ಎಂಜಿನ್ ಓಡಿಸುವ ಯಾರಿಗಾದರೂ ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ.

ಕೊಳ್ಳುವಾಗ ಹೊರಗಿನ ಆಂಟೆನಾಗೆ ಸಾಕೆಟ್ ಇರುವ ವೈಫೈ ಬೋರ್ಡನ್ನೇ ಆರಿಸಿಕೊಳ್ಳಿ. ಅಂಥ ಕೆಲವು ಬೋರ್ಡುಗಳಲ್ಲಿ ಸಾಕೆಟ್ ಇದ್ದರೂ ಸಾಸಿವೆ ಕಾಳಿನಷ್ಟು ಸಣ್ಣ ರೆಸಿಸ್ಟರ್ ಒಂದು ಬೋರ್ಡಿನ ಮೇಲಿನ ಆಂಟೆನಾ ಕಡೆಗೇ ತಿರುಗಿರುತ್ತದೆ; ಅದನ್ನು ಸಾಕೆಟ್ ಕಡೆಗೆ ಸರಿಸಿ ಬೆಸುಗೆ ಹಾಕುವವರೆಗೆ ಹೊರಗಿನ ಆಂಟೆನಾ ಕೆಲಸಕ್ಕೆ ಬರುವುದಿಲ್ಲ.