ಕಾರ್ಪೆಟ್ ಎಕ್ಸ್‌ಟ್ರಾಕ್ಷನ್ ಮಷೀನು: ಮಲೆನಾಡಿನ ಮಳೆಗಾಲಗಳನ್ನ ಕಂಡ ಮೇಲೆ ಬರೀತಿರೋ ವಿಮರ್ಶೆ

ಶಿವಮೊಗ್ಗದಲ್ಲಿ ಮನೆಮನೆಗೆ ಹೋಗಿ ಕಾರ್ಪೆಟ್, ಸೋಫಾ ಕ್ಲೀನ್ ಮಾಡೋ ಕೆಲಸ ನಮ್ಮದು, ನಾನು ಮತ್ತೆ ನನ್ನ ತಮ್ಮ ಇಬ್ಬರೇ. ವಿನೋಬನಗರ, ಗೋಪಾಳ, ಕುವೆಂಪುನಗರ ಅಂತ ಊರೊಳಗಿನ ಕೆಲಸ ಜಾಸ್ತಿ, ಹಬ್ಬ ಮದುವೆ ಹತ್ರ ಬಂದ್ರೆ ತೀರ್ಥಹಳ್ಳಿ, ಸಾಗರ, ಹೊಸನಗರ ಕಡೆಗೂ ಹೋಗ್ತೀವಿ. ಸ್ಪ್ರೇ ಎಕ್ಸ್‌ಟ್ರಾಕ್ಷನ್ ಮಷೀನು ತಗೊಂಡು ನಾಲ್ಕು ವರ್ಷದ ಮೇಲಾಯ್ತು. ಪಾರ್ಸೆಲ್ ಬಿಚ್ಚಿದ ವಾರಕ್ಕೇ ಐದು ಸ್ಟಾರ್ ಕೊಟ್ಟು ಬರೆದಿರೋ ರಿವ್ಯೂಗಳು ಬೇಕಾದಷ್ಟಿವೆ, ಆದ್ರೆ ಜುಲೈ ತಿಂಗಳ ಮಲೆನಾಡಲ್ಲಿ ಇದು ಹೆಂಗೆ ಕೆಲಸ ಮಾಡತ್ತೆ ಅಂತ ಹುಡುಕಿದ್ರೆ ನನಗೆ ಒಂದೂ ಸಿಗ್ಲಿಲ್ಲ, ಅದಕ್ಕೇ ಕೂತು ಬರೀತಿದೀನಿ. ಬ್ರ್ಯಾಂಡ್ ಹೆಸರು ಹಾಕಲ್ಲ, ಇದೇ ಅಳತೆಯ ಮಷೀನು ಬೇರೆ ಬೇರೆ ಕಂಪನಿಯವು ಇವೆ, ಒಳಗಿನ ಕೆಲಸ ಎಲ್ಲದರದ್ದೂ ಹೆಚ್ಚುಕಮ್ಮಿ ಒಂದೇ.

ನಮ್ಮದು 10 ಲೀಟರ್ ಟ್ಯಾಂಕಿಂದು, ಮೋಟಾರು 1250 ವ್ಯಾಟ್. ಒಂದು ಸಣ್ಣ ಪಂಪು ನಿಮಿಷಕ್ಕೆ ಸುಮಾರು ಒಂದು ಲೀಟರ್ ನೀರನ್ನ ಕಾರ್ಪೆಟ್ಟಿನ ಎಳೆಗಳ ಒಳಗೆ ಚಿಮ್ಮಿಸತ್ತೆ, ಅದೇ ಹಿಡಿಕೆಯ ತುದಿಯಲ್ಲಿರೋ ಕಿರಿದಾದ ಬಾಯಿಂದ ಮೋಟಾರು ಆ ನೀರನ್ನ ಕೊಳೆ ಸಮೇತ ವಾಪಸ್ ಎಳ್ಕೊಂಡು ಇನ್ನೊಂದು ಟ್ಯಾಂಕಿಗೆ ಹಾಕತ್ತೆ. ಅಷ್ಟೇ. ನೋಡೋರಿಗೆ ಆ ಕೊಳೆ ಟ್ಯಾಂಕಿನ ಕಾಫಿ ಬಣ್ಣದ ನೀರೇ ದೊಡ್ಡ ವಿಷಯ, ಫೋಟೋ ತೆಗೆದು ಸ್ಟೇಟಸ್ ಹಾಕ್ತಾರೆ. ನಾನು ನೋಡೋದು ಬಣ್ಣ ಅಲ್ಲ, ಅಳತೆ. ನೀರು ಹಾಕೋದನ್ನ ಯಾವ ಮಷೀನಾದ್ರೂ ಮಾಡತ್ತೆ, ಹಾಕಿದ್ದರಲ್ಲಿ ಎಷ್ಟು ವಾಪಸ್ ಎಳೀತು ಅನ್ನೋದರ ಮೇಲೇ ನಮ್ಮ ಕಡೆ ಕಾರ್ಪೆಟ್ ಉಳಿಯತ್ತಾ ಹೋಗತ್ತಾ ಅಂತ ತೀರ್ಮಾನ ಆಗೋದು. ಪ್ರತಿ ಕೆಲಸ ಆದ್ಮೇಲೆ ಕೊಳೆ ನೀರನ್ನ ಗೆರೆ ಹಾಕಿರೋ ಬಕೆಟ್ಟಿಗೆ ಸುರಿದು ನೋಡ್ತೀವಿ. 10 ಲೀಟರ್ ಹೋಗಿದ್ರೆ 8 ರ ಆಸುಪಾಸು ಬರ್ಬೇಕು. 6 ಬಂತು ಅಂದ್ರೆ ಉಳಿದ 4 ಲೀಟರ್ ಆ ಮನೆಯ ಕಾರ್ಪೆಟ್ಟಲ್ಲೇ ಇದೆ ಅಂತ ಅರ್ಥ, ಆಗ ನೀರು ಬಂದ್ ಮಾಡಿ ಬರೀ ಎಳೆಯೋ ಕೆಲಸ ಇನ್ನೊಂದು ಸುತ್ತು. ಈ ಲೆಕ್ಕದಲ್ಲಿ ಮಷೀನು ನನ್ನನ್ನ ಖುಷಿಯಾಗಿಟ್ಟಿದೆ, ಇವತ್ತಿಗೂ ಎಳೆತ ಹೊಸದರ ಹಾಗೇ ಇದೆ.

ಆದ್ರೆ ಮಷೀನು ಆನ್ ಮಾಡೋಕೆ ಮುಂಚಿನ ಕೆಲಸವೇ ಜಾಸ್ತಿ. ಕಾರ್ಪೆಟ್ಟಲ್ಲಿರೋ ಕೊಳೆಯಲ್ಲಿ ಬಹುಪಾಲು ಒಣ ಧೂಳು, ನಮ್ಮಲ್ಲಂತೂ ಕೆಮ್ಮಣ್ಣು. ಕೆಮ್ಮಣ್ಣು ಅಂದ್ರೆ ಕಬ್ಬಿಣದ ಅಂಶ ಇರೋ ಸಣ್ಣ ಪುಡಿ, ಅದಕ್ಕೆ ಮೊದಲೇ ನೀರು ತಾಗಿದ್ರೆ ಕೆಸರಾಗಿ ಎಳೆ ಬುಡಕ್ಕೆ ಇಳಿದು ಕೂತ್ಕೊಳತ್ತೆ, ಆಮೇಲೆ ಯಾವ ಮೋಟಾರೂ ಅದನ್ನ ಪೂರ್ತಿ ಎಳೆಯಲ್ಲ. ಹಾಗಾಗಿ ಮೊದಲು ಕಾರ್ಪೆಟ್ ಬೋರಲು ಹಾಕಿ ಬೆನ್ನ ಮೇಲೆ ವ್ಯಾಕ್ಯೂಮ್, ಉದುರಿದ ಮಣ್ಣು ಗುಡಿಸಿ ತೆಗೆದು, ತಿರುಗಿಸಿ ಮುಖದ ಕಡೆ ಉದ್ದಕ್ಕೊಂದು ಅಡ್ಡಕ್ಕೊಂದು ಸಲ ನಿಧಾನಕ್ಕೆ ವ್ಯಾಕ್ಯೂಮ್. ತೀರ್ಥಹಳ್ಳಿ ಕಡೆ ಒಬ್ರು ಅಮ್ಮ ಕೇಳಿದ್ರು, "ಎಂತ ಮಾರಾಯ್ರೆ, ಬಂದು ಅರ್ಧ ಗಂಟೆ ಆಯ್ತು, ಇನ್ನೂ ಒಂದು ಹನಿ ನೀರು ಹಾಕ್ಲಿಲ್ವಲ್ಲ" ಅಂತ. ವ್ಯಾಕ್ಯೂಮಿನ ಡಬ್ಬಿ ತೆಗೆದು ತೋರಿಸಿದೆ, ಅವರ ಅಂಗಳದ ಮಣ್ಣೇ ಕೆಂಪಗೆ ತುಂಬಿತ್ತು, "ಅಯ್ಯೋ, ಇದ್ರ ಮೇಲೆ ಮೊಮ್ಮಗು ಮಲಗಿಸ್ತಿದ್ವಲ್ಲ" ಅಂದ್ರು. ಈ ಅರ್ಧ ಗಂಟೆ ಉಳಿಸೋಕೆ ಹೋದೋರು ಮುಂದೆ ಒಂದು ಗಂಟೆ ಕಳ್ಕೊತಾರೆ, ಬೇಗ ಕೆಲಸ ಮುಗಿಸಬೇಕು ಅನ್ನೋರಿಗೆ ನಾನು ಮೊದಲು ಹೇಳೋದೇ ಇದು.

ಆಮೇಲೆ ನೂಲು ಯಾವುದು ಅಂತ ನೋಡ್ಬೇಕು. ಅಂಚಿಂದ ಒಂದೆರಡು ಎಳೆ ಕಿತ್ತು, ಮನೆಯವರನ್ನ ಕೇಳ್ಕೊಂಡು, ಹೊರಗಡೆ ಬೆಂಕಿ ಕಡ್ಡಿಗೆ ಹಿಡಿದ್ರೆ ಗೊತ್ತಾಗತ್ತೆ. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದ್ರೆ ಉಣ್ಣೆ, ಕರಗಿ ಗಟ್ಟಿ ಮಣಿ ಆದ್ರೆ ನೈಲಾನ್, ಪಾಲಿಯೆಸ್ಟರ್ ಜಾತಿ, ಪೇಪರ್ ಸುಟ್ಟ ಹಾಗಾದ್ರೆ ಹತ್ತಿ, ಸೆಣಬು, ಇಲ್ಲಾ ವಿಸ್ಕೋಸ್. ವಿಸ್ಕೋಸ್ ಆಗಿದ್ರೆ, ಅಂದ್ರೆ ರೇಷ್ಮೆ ಹಾಗೆ ಹೊಳೆಯೋ ಆ ಆರ್ಟ್ ಸಿಲ್ಕು, ಈ ಮಷೀನು ಅದರ ಹತ್ರ ತರಲೇಬಾರದು, ನೀರು ತಾಗಿದ್ರೆ ಎಳೆ ಒರಟಾಗಿ ಹಳದಿ ತಿರುಗತ್ತೆ. ಅಂಥ ಕೆಲಸ ಬೇಡ ಅಂತ ವಾಪಸ್ ಕಳಿಸಿದೀವಿ, ದುಡ್ಡು ಹೋದ್ರೂ ಪರವಾಗಿಲ್ಲ. ಮುಂಡಗೋಡಿನ ಟಿಬೆಟಿಯನ್ ಕ್ಯಾಂಪಿಂದ ತಂದ ಉಣ್ಣೆ ಕಾರ್ಪೆಟ್ಟುಗಳು ನಮ್ಮ ಕಡೆ ಕೆಲವು ಮನೇಲಿವೆ, ಗಟ್ಟಿ ಕೈಕೆಲಸ, ಅದಕ್ಕೆ ಬಟ್ಟೆ ಪೌಡರ್ ಹಾಕೋದು ಅಂದ್ರೆ ಅನ್ಯಾಯ. ಬಟ್ಟೆ ಪೌಡರ್ ಕಲಸಿದ ನೀರಿನ ಪಿಎಚ್ (7 ರ ಮೇಲೆ ಹೋದಷ್ಟೂ ಕ್ಷಾರ, ಕೆಳಗೆ ಇಳಿದಷ್ಟೂ ಹುಳಿ) 10 ರ ಹತ್ರ ಇರತ್ತೆ, ಉಣ್ಣೆಗೆ ಅಷ್ಟು ಕ್ಷಾರ ಆಗಲ್ಲ, ಮೇಲಿಂದ ಎಂಜೈಮ್ ಇರೋ ಪೌಡರ್ ಆದ್ರೆ ಅದು ಪ್ರೋಟೀನ್ ತಿನ್ನತ್ತೆ, ಉಣ್ಣೆ ಅನ್ನೋದೇ ಪ್ರೋಟೀನು. ನವಲಗುಂದದ ಜಮಖಾನ ಥರದ ಹತ್ತಿಯವು ಬಂದ್ರೆ ಬಣ್ಣ ಬಿಡತ್ತಾ ಅಂತ ಬಿಳಿ ಬಟ್ಟೆ ಒದ್ದೆ ಮಾಡಿ ಒಂದು ಮೂಲೇಲಿ ಒತ್ತಿ ನೋಡ್ದೆ ಮುಂದೆ ಹೋಗಲ್ಲ, ಪ್ರತಿ ಬಣ್ಣಕ್ಕೂ ಬೇರೆ ಬೇರೆ.

ಕಲೆಗಳ ವಿಷಯಕ್ಕೆ ಬಂದ್ರೆ, ಯೂಟ್ಯೂಬ್ ವೀಡಿಯೋದಲ್ಲಿ ವೈನು, ಕೆಚಪ್ಪು ತೋರಿಸ್ತಾರೆ, ನಮ್ಮಲ್ಲಿ ಯಾರ ಮನೇಲಿ ವೈನ್ ಚೆಲ್ಲತ್ತೆ ಹೇಳಿ. ನಮ್ಮ ಕಲೆಗಳೇ ಬೇರೆ. ಅರಿಶಿನದ ಕಲೆ ಮೇಲೆ ಸೋಪು ಹಚ್ಚಿದ್ರೆ ತಕ್ಷಣ ಕೆಂಪಾಗತ್ತೆ, ಅರಿಶಿನಕ್ಕೆ ಸುಣ್ಣ ಸೇರಿಸಿ ಓಕುಳಿ ಮಾಡೋದನ್ನ ಕಂಡಿರೋ ಯಾರಿಗೂ ಇದು ಹೊಸದಲ್ಲ, ಕ್ಷಾರ ತಾಗಿದ್ರೆ ಅರಿಶಿನ ಹಾಗೇ. ಅದಕ್ಕೆ ಅಲ್ಲಿ ಕ್ಷಾರದ ಯಾವ ಕೆಮಿಕಲ್ಲೂ ಬೇಡ, ಬಿಸಿಲು ತಾಗ್ತಾ ತಾಗ್ತಾ ಅರಿಶಿನ ತಾನೇ ಮಾಸತ್ತೆ, ಮಳೆಗಾಲ ಆಗಿದ್ರೆ ಬಿಸಿಲು ಬರೋವರೆಗೆ ಕಾಯ್ರಿ ಅಂತ ನೇರವಾಗಿ ಹೇಳ್ತೀವಿ. ಎಲೆಅಡಿಕೆ ರಸವೂ ಇದೇ ಜಾತಿ, ಕ್ಷಾರ ತಾಗಿದಷ್ಟೂ ಗಾಢ ಆಗತ್ತೆ, ಅಲ್ಲಿ ಸಿಟ್ರಿಕ್ ಆಸಿಡ್ ನೀರು ಮೊದಲು. ಅಡಿಕೆ ಕೊಯ್ಲಿನ ಟೈಮಲ್ಲಿ ಇನ್ನೊಂದು ಬರತ್ತೆ, ಚೊಗರು, ಅಂದ್ರೆ ಅಡಿಕೆ ಬೇಯಿಸಿದ ಕಂದು ರಸ. ಅಡಿಕೆ ಬೇಯಿಸೋ ಹಂಡೆ ಹತ್ರ ಓಡಾಡಿದ ಕಾಲಲ್ಲೇ ಒಳಗೆ ಬಂದಿರ್ತಾರೆ, ಮರುದಿನ ನೋಡಿದ್ರೆ ಕಂದು ಹೆಜ್ಜೆಗಳು. ಚೊಗರಲ್ಲಿ ಟ್ಯಾನಿನ್, ಅಂದ್ರೆ ಒಗರಿನ ಅಂಶ, ತುಂಬ ಇರತ್ತೆ, ಅದಕ್ಕೆ ಕಬ್ಬಿಣದ ಅಂಶ ಸೇರಿದ್ರೆ ಕಪ್ಪಾಗತ್ತೆ, ಅಂದ್ರೆ ಕೆಂಪು ನೀರು ಬರೋ ಬೋರ್‌ವೆಲ್ ಇರೋ ಮನೇಲಿ ಅದೇ ನೀರನ್ನ ಮಷೀನಿಗೆ ತುಂಬಿ ಚೊಗರು ತೊಳೆದ್ರೆ ಕಂದು ಹೋಗಿ ಕಪ್ಪು ಉಳಿಯತ್ತೆ. ಅಂಥ ಕಡೆ ನಾವು ಕ್ಯಾನಲ್ಲಿ ಊರಿನ ನೀರೇ ತಗೊಂಡು ಹೋಗ್ತೀವಿ, ಶಿವಮೊಗ್ಗದ ತುಂಗೆ ನೀರು ಮೆದು, ಕೆಮಿಕಲ್ಲೂ ಕಮ್ಮಿ ಸಾಕಾಗತ್ತೆ. ಮಳೆಗಾಲದಲ್ಲಿ ಉಂಬಳ (ಜಿಗಣೆ) ಕಚ್ಚಿದ ರಕ್ತದ ಕಲೆ, ಅದಕ್ಕೆ ತಣ್ಣೀರು ಮಾತ್ರ, ಬಿಸಿ ನೀರು ಹಾಕಿದ್ರೆ ರಕ್ತ ಬೆಂದು ಎಳೆಗೆ ಅಂಟ್ಕೊಂಡ್ಬಿಡತ್ತೆ.

ಕಲೆ ಕೆಲಸ ಮುಗಿದ್ಮೇಲೆ ಪ್ರೀ-ಸ್ಪ್ರೇ. ಕೆಮಿಕಲ್ಲನ್ನ ಮಷೀನಿನ ಟ್ಯಾಂಕಿಗೆ ಹಾಕಲ್ಲ ನಾವು, ಕೈ ಪಂಪಿನ ಸ್ಪ್ರೇಯರಲ್ಲಿ ಕಾರ್ಪೆಟ್ ಮೇಲೆ ಹೊಡೆದು, ಬ್ರಷ್ಷಲ್ಲಿ ಹಗುರಕ್ಕೆ ಉಜ್ಜಿ, ಹತ್ತು ಹದಿನೈದು ನಿಮಿಷ ಬಿಡ್ತೀವಿ. ಒಣಗೋಕೆ ಮಾತ್ರ ಬಿಡಬಾರದು. ಇಬ್ರು ಇದ್ರೆ ಅನುಕೂಲ ಆಗೋದು ಇಲ್ಲೇ, ನಾನು ಉಜ್ಜುತ್ತಿರುವಾಗ ತಮ್ಮ ಬಚ್ಚಲ ಹಂಡೆಯಿಂದ ನೀರು ತಂದು ಹದ ನೋಡಿ ಟ್ಯಾಂಕ್ ತುಂಬಿ, ಪೈಪ್ ಜೋಡಿಸಿ, ನೆಲದ ಮೇಲೆ ಪ್ಲಾಸ್ಟಿಕ್ ಹಾಸಿ ಇಟ್ಟಿರ್ತಾನೆ. ನಮ್ಮ ಮಷೀನಲ್ಲಿ ಹೀಟರ್ ಇಲ್ಲ, ಇದನ್ನ ಕೆಲವರು ದೊಡ್ಡ ಕೊರತೆ ಅಂತ ಬರೀತಾರೆ, ಮಲೆನಾಡಲ್ಲಿ ಬೆಳಿಗ್ಗೆ ಹಂಡೆ ತುಂಬ ಬಿಸಿನೀರು ಇಲ್ದಿರೋ ಮನೆ ತೋರಿಸಿ ನೋಡೋಣ. ಸಿಂಥೆಟಿಕ್‌ಗೆ 45 ಡಿಗ್ರಿ ಹತ್ರ, ಉಣ್ಣೆಗೆ ಉಗುರು ಬೆಚ್ಚಗೆ. ಟ್ಯಾಂಕಲ್ಲಿ ಬರೀ ನೀರು, ಸ್ವಲ್ಪ ಸಿಟ್ರಿಕ್ ಆಸಿಡ್ಡು, ಪಿಎಚ್ ಪೇಪರ್ ಅದ್ದಿದ್ರೆ 5 ರಿಂದ 6 ತೋರಿಸೋ ಹಾಗೆ. ಇದ್ರಿಂದ ಸೋಪಿನಂಶ ಉಳಿಯಲ್ಲ, ಸೋಪು ಉಳಿದ್ರೆ ಕಾರ್ಪೆಟ್ ಅಂಟಂಟಾಗಿ ಮುಂಚಿಗಿಂತ ಬೇಗ ಕೊಳೆ ಹಿಡಿಯತ್ತೆ. ಬಾಗಿಲಿಗೆ ದೂರದ ಮೂಲೆಯಿಂದ ಶುರು ಮಾಡಿ ಹಿಂದಕ್ಕೆ ಬರೋದು, ನೀರು ಬಿಡ್ತಾ ಒಂದು ಎಳೆತ, ನೀರಿಲ್ದೆ ಎರಡು, ಮಂದ ಕಾರ್ಪೆಟ್ಟಾದ್ರೆ ಮೂರು. ಆರು-ಒಂಬತ್ತು ಅಡಿ ಕಾರ್ಪೆಟ್ಟಿಗೆ ಈ ಭಾಗ ಅರ್ಧ ಗಂಟೆ ಒಳಗೇ ಮುಗಿಯತ್ತೆ.

ಈಗ ಒಣಗಿಸೋದು. ಇದನ್ನ ಬರೆಯೋಕೇ ನಾನು ಕೂತಿದ್ದು. ಬೇಸಿಗೆಯಲ್ಲಿ ಶಿವಮೊಗ್ಗದಲ್ಲಿ ಕಿಟಕಿ ತೆಗೆದು ಫ್ಯಾನ್ ಹಾಕಿದ್ರೆ ಸಂಜೆ ಹೊತ್ತಿಗೆ ಒಣಗಿರತ್ತೆ, ಅದ್ರ ಬಗ್ಗೆ ಹೇಳೋಕೇನಿಲ್ಲ. ಮಳೆಗಾಲದಲ್ಲಿ ಅದೇ ಕಿಟಕಿ ತೆಗೆಯೋದು ತಪ್ಪು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಮೇಲೆ ಮಳೆ ಬೀಳತ್ತೆ, ಆ ಸುತ್ತಲಿನ ಊರಲ್ಲಿ ಜುಲೈ ಗಾಳಿಯಲ್ಲಿ ಇನ್ನು ತೇವ ಹಿಡಿಯೋಕೆ ಜಾಗವೇ ಇರಲ್ಲ, ಕಿಟಕಿ ತೆಗೆದು ಫ್ಯಾನ್ ಹಾಕಿದ್ರೆ ಒದ್ದೆ ಗಾಳೀನ ಒದ್ದೆ ಕಾರ್ಪೆಟ್ ಮೇಲೆ ಬೀಸಿದ ಹಾಗಷ್ಟೆ. ಒಂದೆರಡು ದಿನ ಒದ್ದೆ ಉಳಿದ್ರೆ ಬುಡದಲ್ಲಿ ಬೂಷ್ಟು ಶುರು, ಮುಗ್ಗಲು ವಾಸನೆ ಬಂತು ಅಂದ್ರೆ ತೊಳೆಸದೆ ಇದ್ದಿದ್ರೇ ಚೆನ್ನಾಗಿತ್ತು ಅಂತ ಮನೆಯವರಿಗೆ ಅನ್ಸತ್ತೆ, ಅದು ನ್ಯಾಯವೇ. ಬೆನ್ನಲ್ಲಿ ಸೆಣಬು ಇರೋದಾದ್ರೆ ನಿಧಾನಕ್ಕೆ ಒಣಗುವಾಗ ಸೆಣಬಿನ ಕಂದು ಬಣ್ಣ ಮೇಲೇರಿ ತುದಿಗೆ ಬರತ್ತೆ, ತೊಳೆದ ಕಲೆಯೂ ಹಾಗೇ ಬುಡದಿಂದ ಮತ್ತೆ ಮೇಲೆ ಬರತ್ತೆ. ಇದೆಲ್ಲಕ್ಕೂ ಔಷಧಿ ಒಂದೇ, ಬೇಗ ಒಣಗಬೇಕು.

ಹಾಗಾಗಿ ಮಳೆಗಾಲದಲ್ಲಿ ನಾವು ಕಿಟಕಿ ಬಾಗಿಲು ಮುಚ್ಚಿ ಡಿಹ್ಯೂಮಿಡಿಫೈಯರ್, ಅಂದ್ರೆ ಗಾಳಿಯಲ್ಲಿರೋ ತೇವ ಎಳೆದು ನೀರು ಮಾಡೋ ಮಷೀನು, ಇಡ್ತೀವಿ, ಜೊತೆಗೆ ನೆಲಮಟ್ಟದಲ್ಲಿ ಬೀಸೋ ಬ್ಲೋವರ್ ಒಂದು. ಕಾರ್ಪೆಟ್ಟನ್ನ ನೆಲಕ್ಕೆ ಹಾಸಲ್ಲ, ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಎತ್ತಿ ಇಟ್ಟು ಕೆಳಗೂ ಗಾಳಿ ಹೋಗೋ ಹಾಗೆ ಮಾಡ್ತೀವಿ. ಏಸಿ ಇರೋ ಮನೆ ಆದ್ರೆ ಡ್ರೈ ಮೋಡಲ್ಲಿ ಹಾಕಿದ್ರೂ ಕೆಲಸ ಆಗತ್ತೆ. ಡಿಹ್ಯೂಮಿಡಿಫೈಯರ್‌ನ ಆ ಮನೇಲೇ ರಾತ್ರಿ ಬಿಟ್ಟು ಬೆಳಿಗ್ಗೆ ಹೋಗಿ ತರೋದು, ಅದರ ಡಬ್ಬಿಯಲ್ಲಿ ತುಂಬಿರೋ ನೀರು ನೋಡಿದ್ರೆ ಎಷ್ಟು ಕೆಲಸ ಮಾಡಿದೆ ಅಂತ ಗೊತ್ತಾಗತ್ತೆ. ಬಚ್ಚಲ ಒಲೆ ಹತ್ರ ಹಾಕ್ತೀವಿ ಬಿಡಿ ಅಂತ ಕೆಲವರು ಹೇಳ್ತಾರೆ, ಬೇಡ, ಹೊಗೆ ವಾಸನೆ ಉಣ್ಣೆ ಒಳಗೆ ಸೇರಿದ್ರೆ ತಿಂಗಳುಗಟ್ಟಲೆ ಹೋಗಲ್ಲ. ಕರೆಂಟ್ ಗ್ಯಾರಂಟಿ ಇಲ್ದಿರೋ ಊರಿಗೆ ಜೂನಿಂದ ಸೆಪ್ಟೆಂಬರ್‌ವರೆಗೆ ಒದ್ದೆ ಕ್ಲೀನಿಂಗ್ ಒಪ್ಪಲ್ಲ, ಒಣ ವ್ಯಾಕ್ಯೂಮು, ಕಲೆ ಕೆಲಸ ಅಷ್ಟೇ ಮಾಡಿ ಅದರ ರೇಟು ತಗೊಂಡು ಬರ್ತೀವಿ, ನವೆಂಬರಲ್ಲಿ ಬಂದು ಪೂರ್ತಿ ಮಾಡ್ತೀವಿ ಅಂತ ಹೇಳಿದ್ರೆ ಜನ ಒಪ್ತಾರೆ, ವಾಪಸ್ ಕರೀತಾರೆ ಕೂಡ.

ಮಷೀನಿನ ಕೊರತೆ ಅಂದ್ರೆ ಮೊದಲನೇದು ಸದ್ದು, ಮನೇಲಿ ಪಾಪು ಮಲಗಿದ್ರೆ ಕಷ್ಟ. ಎರಡನೇದು ನೊರೆ. ಹಿಂದೆ ಯಾರೋ ಶಾಂಪೂ ಹಾಕಿ ತೊಳೆದ ಕಾರ್ಪೆಟ್ಟಾದ್ರೆ ಕೊಳೆ ಟ್ಯಾಂಕ್ ತುಂಬ ನೊರೆ ಎದ್ದು ಮೋಟಾರಿನ ಕಡೆ ಹೋಗತ್ತೆ, ನೊರೆ ಇಳಿಸೋಕೆ ಡಿಫೋಮರ್ ಅಂತ ಸಿಗತ್ತೆ, ಅದನ್ನ ಕೊಳೆ ಟ್ಯಾಂಕಿಗೆ ಸ್ವಲ್ಪ ಹಾಕಿಟ್ರೆ ಸಾಕು, ಇಲ್ಲಾಂದ್ರೆ ಮೋಟಾರು ಹೋಗತ್ತೆ. ನೀರು ಚಿಮ್ಮೋ ನಾಝಲ್ಲು ಬೋರ್‌ವೆಲ್ ನೀರಿಗೆ ಕಟ್ಟತ್ತೆ, ಬಿಳಿ ಪುಡಿ ಕೂತಿರತ್ತೆ, ಸಿಟ್ರಿಕ್ ಆಸಿಡ್ ನೀರಲ್ಲಿ ರಾತ್ರಿ ನೆನೆಸಿಟ್ರೆ ಬಿಡತ್ತೆ. ಇದುವರೆಗೆ ಬದಲಾಯಿಸಿದ್ದು ಹೋಸ್ ಪೈಪು, ರಬ್ಬರ್ ಸೀಲು, ಒಂದು ಸಲ ಪಂಪು. ಬಿಡಿಭಾಗ ಶಿವಮೊಗ್ಗದಲ್ಲಿ ಸಿಗಲ್ಲ, ಬೆಂಗಳೂರಿಂದ ತರಿಸ್ಬೇಕು, ಮದುವೆ ಸೀಸನ್ ಮಧ್ಯೆ ಮಷೀನು ಕೂತ್ರೆ ಕೈಕಟ್ಟಿದ ಹಾಗೆ, ಸೀಲು, ನಾಝಲ್ ಒಂದೊಂದು ಮನೇಲಿ ಇಟ್ಟಿರ್ಲೇಬೇಕು. ಕೆಲಸ ಮುಗಿಸಿ ಎರಡೂ ಟ್ಯಾಂಕ್ ತೊಳೆದು ಮುಚ್ಚಳ ತೆಗೆದಿಡಬೇಕು, ಕೊಳೆ ನೀರು ಒಂದು ರಾತ್ರಿ ನಿಂತ್ರೆ ಆ ವಾಸನೆ ಮರುದಿನ ಇನ್ನೊಬ್ಬರ ಮನೆಗೆ ಹೋಗತ್ತೆ.

ಈ ಕೆಲಸ ಶುರು ಮಾಡೋಣ ಅಂತ ಸಾಗರ, ಕೊಪ್ಪ ಕಡೆಯ ಹುಡುಗರು ಕೇಳ್ತಿರ್ತಾರೆ. ದುಡ್ಡು ಕಮ್ಮಿ ಇದ್ರೆ ಮಷೀನು ಸೆಕೆಂಡ್ ಹ್ಯಾಂಡ್ ತಗೊಳ್ಳಿ, ಡಿಹ್ಯೂಮಿಡಿಫೈಯರ್ ಹೊಸದು ತಗೊಳ್ಳಿ, ಉಲ್ಟಾ ಮಾಡ್ಬೇಡಿ. ಸೆಕೆಂಡ್ ಹ್ಯಾಂಡ್ ನೋಡೋಕೆ ಹೋದಾಗ ಮಾರೋರ ಮನೆ ಕಾಲೊರಸಿನ ಮೇಲೇ ಓಡಿಸಿ ನೋಡಿ, ಎರಡು ಲೀಟರ್ ಅಳೆದು ಹಾಕಿ, ವಾಪಸ್ ಬಂದಿದ್ದನ್ನ ಅಳೀರಿ, ಒಂದೂವರೆಗಿಂತ ಕಮ್ಮಿ ಬಂದ್ರೆ ಮೊದಲು ಸೀಲು, ಹೋಸಲ್ಲಿ ಸೀಳು ಇದೆಯಾ ಅಂತ ಹುಡುಕಿ, ಅದು ಸರಿ ಇದ್ದೂ ಎಳೆತ ಇಲ್ಲ ಅಂದ್ರೆ ಮೋಟಾರು ಸವೆದಿದೆ, ಎಷ್ಟೇ ಕಮ್ಮಿಗೆ ಕೊಟ್ರೂ ಬಿಟ್ಟು ಬನ್ನಿ.